ಬಾವಿಯೊಳಗಿನ ಆರು ಅಂಕಿ

ಇದು ಎಲ್ಲಿಯದೋ ಊರಿನ ಮಾತಲ್ಲ. ನಮ್ಮ ಓಣಿಯ ಅಂಜುಮಳಿಗೆ ಆದದ್ದು. ಹೋದ ವರ್ಷ, ಮಳೆಗಾಲ ಮುಗಿದ ಮೇಲೆ.

ಯಲಬುರ್ಗಾದಿಂದ ಬರುವ ಕೊನೆಯ ಬಸ್ಸು ಆ ದಿನ ತಡವಾಗಿತ್ತು. ಅಂಜುಮ ಅಲ್ಲಿ ಒಂದು ಹೊಲಿಗೆ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಕ್ರಾಸಿನಲ್ಲಿ ಇಳಿದಾಗ ಹತ್ತು ಗಂಟೆ ದಾಟಿತ್ತು. ಅಲ್ಲಿಂದ ಊರಿಗೆ ಎರೆಹೊಲಗಳ ನಡುವಿನ ದಾರಿ. ದಾರಿಯ ಕೊನೆಗೆ ಹಳೆಯ ಬಾವಿ. ಬಾವಿಯಿಂದ ಎಂಬತ್ತು ಹೆಜ್ಜೆಗೆ ಊರಿನ ಮೊದಲ ಮನೆ, ಸೈದಾನಬಿಯದು.

ಆ ಬಾವಿಯ ನೀರನ್ನು ಯಾರೂ ಸೇದುತ್ತಿರಲಿಲ್ಲ. ಆದರೂ ಸಂಜೆಯಾದರೆ ಕಟ್ಟೆಯ ಮೇಲೆ ಜನ ಇರುತ್ತಿದ್ದರು. ಊರಿನಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗುವ ಜಾಗ ಅದೊಂದೇ. ಸೈದಾನಬಿಯ ಮಗ ಆಸೀಫ ಅದೇ ಕಟ್ಟೆಯ ಮೇಲೆ ಕೂತು ಫೋನಿನಲ್ಲಿ ಮಾತಾಡುತ್ತ ಒಳಗೆ ಬಿದ್ದು ಸತ್ತ. ಹೆಣ ಸಿಕ್ಕಿತು. ಫೋನು ಸಿಗಲಿಲ್ಲ. ಆಮೇಲೆ ಕತ್ತಲಾದರೆ ಅಲ್ಲಿ ಯಾರೂ ಕೂಡಲಿಲ್ಲ.

ಅವನ ನಲವತ್ತನೇ ದಿನದ ಫಾತಿಹಾ ಆಗಿ ಅವತ್ತಿಗೆ ಆರು ದಿನ.

ಆಸೀಫನದು ಮೊಬೈಲ್ ಅಂಗಡಿಯಾಗಿತ್ತು. ನಮ್ಮ ಕಡೆ ಆಫರ್ ಬಂದಾಗೊಮ್ಮೆ ಜನ ಸಿಮ್ ಬದಲಿಸುತ್ತಾರೆ. ಈ ಉಗಾದಿಗೆ ಇದ್ದ ನಂಬರು ಮುಂದಿನ ಉಗಾದಿಗೆ ಇರುವುದಿಲ್ಲ. ಅದಕ್ಕೆ ಫೇಸ್‌ಬುಕ್ ಇರಲಿ, ಇನ್‌ಸ್ಟಾಗ್ರಾಂ ಇರಲಿ, ಯಾರ ಖಾತೆ ತೆರೆದರೂ ಆಸೀಫ ತನ್ನ ನಂಬರನ್ನೇ ಹಾಕುತ್ತಿದ್ದ. ಪಾಸ್‌ವರ್ಡ್ ಮರೆತವರು ಅಂಗಡಿಗೆ ಹೋಗಬೇಕು. ಕೋಡು ಅವನ ಫೋನಿಗೆ ಬರಬೇಕು. ಅವನು ಒಂದೊಂದೇ ಅಂಕಿ ಬಿಡಿಸಿ ಓದಿ ಹೇಳಬೇಕು. ಊರಿಗೆಲ್ಲ ಇದೇ ರೂಢಿ. ತಪ್ಪು ಅಂತ ಯಾರಿಗೂ ಅನಿಸಿರಲಿಲ್ಲ.

ಅಂಜುಮಳಿಗೆ ಎರಡು ಖಾತೆಗಳಿದ್ದವು. ಫೇಸ್‌ಬುಕ್ಕಿನಲ್ಲಿ ಅವಳ ಸ್ವಂತ ಹೆಸರು. ನೋಡುವವರು ಅಪ್ಪ, ಕಾಕಾ, ಬೀಗರು. ಅಲ್ಲಿ ಹಾಕುತ್ತಿದ್ದುದು ಕಸೂತಿ ಹಾಕಿದ ಕುಪ್ಪಸಗಳ ಫೋಟೊ. ಇನ್‌ಸ್ಟಾಗ್ರಾಂನಲ್ಲಿ ಬೇರೆ ಹೆಸರು; ನೋಡುವವರು ಹನ್ನೊಂದು ಗೆಳತಿಯರು ಮಾತ್ರ. ಎರಡನ್ನೂ ಒಂದಕ್ಕೊಂದು ಜೋಡಿಸಿದವನು ಆಸೀಫ. ಅವನು ಅವಳನ್ನು ಮದುವೆಗೆ ಎರಡು ಸಲ ಕೇಳಿಸಿದ್ದ. ಎರಡು ಸಲವೂ ಅವಳು ಓಣಿಗೆ ಕೇಳುವ ಹಾಗೆ ನಕ್ಕಿದ್ದಳು.

“ನಗು,” ಅಂದಿದ್ದ ಅವನು. “ಎರಡೂ ಖಾತಿ ಕೂಡಿಸಿಟ್ಟೀನಿ. ಇಲ್ಲಿಂದು ಅಲ್ಲಿ ಹಾಕಾಕ ನನಗ ಒಂದ ನಿಮಿಷ ಸಾಕು.”

ಹಾಕಿರಲಿಲ್ಲ. ಅಷ್ಟರಲ್ಲಿ ಸತ್ತಿದ್ದ.

ನಲವತ್ತು ಮುಗಿದ ಮರುರಾತ್ರಿ, ಸರಿಯಾಗಿ ಹನ್ನೊಂದಕ್ಕೆ, ಇನ್‌ಸ್ಟಾಗ್ರಾಂನ ಒಂದು ವಿಡಿಯೋ ತಾನಾಗಿ ಫೇಸ್‌ಬುಕ್ಕಿಗೆ ಬಂತು. ಅಡುಗೆಮನೆಯಲ್ಲಿ ಕೂದಲು ಬಿಟ್ಟು ಕುಣಿದದ್ದು. ಅಂಜುಮ ತಕ್ಷಣ ಅಳಿಸಿದಳು. ಮರುದಿನ ಹನ್ನೊಂದಕ್ಕೆ ಇನ್ನೊಂದು. ಅಳಿಸಿದರೆ ಮತ್ತೆ ಬಂತು... ಮೂರನೇ ಸಲ ಹೋಯಿತು. ಐದನೇ ರಾತ್ರಿಯ ವಿಡಿಯೋ ಬೆಳಗಿನ ಬಾಂಗು ಆಗುವವರೆಗೆ ಹೋಗಲಿಲ್ಲ. ಇನ್‌ಸ್ಟಾಗ್ರಾಂನಲ್ಲಿ ಎಲ್ಲವನ್ನೂ ಅಳಿಸಿಬಿಟ್ಟಿದ್ದಳು. ಆದರೂ ಬರುತ್ತಿದ್ದವು, ಅವಳು ಹಾಕಿದ್ದ ಕ್ರಮದಲ್ಲಿಯೇ.

ಬಸ್ಸು ತಡವಾದ ಆ ರಾತ್ರಿ ಬರಬೇಕಿದ್ದ ಆರನೆಯದು ಯಾವುದು ಎಂದು ಅವಳಿಗೆ ಗೊತ್ತಿತ್ತು. ಅತ್ತೆಯಾಗುವ ಜೋಹರಾಬಿ ಗಂಗಾವತಿಯಿಂದ ಬಂದು ಹೆಣ್ಣು ನೋಡಿ ಹೋದ ಸಂಜೆ ಮಾಡಿದ್ದು. ಜೋಹರಾಬಿಯ ಕುಂಟು ನಡಿಗೆ, ಎಲೆ ಅಡಿಕೆ ಜಗಿಯುವ ಬಾಯಿ, ಕೂಡುವಾಗ ಸೊಂಟ ಹಿಡಿದು ನರಳುವುದು, ಎಲ್ಲವನ್ನೂ ಅಂಜುಮ ಹಾಗೇ ಮಾಡಿ ತೋರಿಸಿದ್ದಳು. ನಿಕಾಹ್‌ಗೆ ಹನ್ನೆರಡು ದಿನ ಉಳಿದಿತ್ತು.

ಖಾತೆಗಳನ್ನು ಬೇರ್ಪಡಿಸಿದರೆ ಮುಗಿಯುತ್ತಿತ್ತು. ಆದರೆ ಬೇರ್ಪಡಿಸಲು ಕೋಡು ಬೇಕು. ಖಾತೆಯನ್ನೇ ಮುಚ್ಚುತ್ತೇನೆಂದರೂ ಕೋಡು ಬೇಕು. ಕೋಡು ಹೋಗುವುದು ಆಸೀಫನ ನಂಬರಿಗೆ.

ಹಿಂದಿನ ದಿನ ಅವಳು ಸೈದಾನಬಿಯ ಮನೆಗೆ ಹೋಗಿದ್ದಳು.

“ಖಾಲಾ, ಅವನ ನಂಬರಿಗೆ ಡುಪ್ಲಿಕೇಟ್ ಸಿಮ್ ತಗೀರಿ. ನೀವು ಬಂದು ಹೆಬ್ಬೆಟ್ಟು ಒತ್ತಿದ್ರ ಸಾಕು. ಬಸ್ಸಿನ್ಯಾಗ ನಾನ ಕರ್ಕೊಂಡು ಹೋಗ್ತೀನಿ.”

ಸೈದಾನಬಿಗೆ ಬಲಗಿವಿ ಪೂರಾ ಮಂದ. ರೂಢಿಯಂತೆ ಆ ಕಿವಿಗೇ ಕೈ ಹಚ್ಚಿದಳು. “ಆಂ?”

ಅಂಜುಮ ಎಡಕ್ಕೆ ಬಂದು ಮತ್ತೆ ಹೇಳಿದಳು.

“ಬ್ಯಾಡ ಬೇಟಿ. ಹೊಸಾ ಸಿಮ್ ತಗದ್ರ ಅವನ ಫೋನಿನ್ಯಾಗಿಂದು ಬಂದ್ ಆಗ್ತೈತಂತ.”

“ಅದು ಬಾವ್ಯಾಗ ಬಿದ್ದ ಫೋನ್ ರಿ. ಬಂದ್ ಆಗಿ ನಲವತ್ತೈದು ದಿನ ಆತು.”

“ಎಲ್ಲಿ ಬಂದ್ ಆಗೈತಿ? ದಿನಾ ರಾತ್ರಿ ಹಚ್ಚತೀನಿ. ರಿಂಗ್ ಆಗ್ತೈತಿ. ಎತ್ತಂಗಿಲ್ಲ, ಅಷ್ಟ. ಜೀವಂತ ಇದ್ದಾಗರ ನನ್ನ ಫೋನ್ ಎಲ್ಲಿ ಎತ್ತತಿದ್ದ ಅಂವ.”

“ಮುದಿಕಿಗೆ ಕಿವಿ ಅಷ್ಟ ಅಲ್ಲ, ತಲೀನೂ ಮಂದ ಆಗೈತಿ,” ಎಂದು ಹೊರಗೆ ಬಂದು ಅಂಜುಮ ಗೆಳತಿ ಜರೀನಾಳಿಗೆ ಹೇಳಿದಳು. ಸಣ್ಣ ದನಿಯಲ್ಲೇನೂ ಹೇಳಲಿಲ್ಲ.

ಈಗ ಆ ರಾತ್ರಿಯ ಮಾತು.

ಅವಳು ಬಾವಿಯ ಹತ್ತಿರ ಬಂದಾಗ ಗಾಳಿ ಇರಲಿಲ್ಲ. ಜೋಳದ ಹೊಲ ಸುಮ್ಮನಿತ್ತು. ಆಗ ಕೇಳಿಸಿತು...

ಝುರ್ರ್... ಝುರ್ರ್...

ಕಲ್ಲಿನ ಮೇಲಿಟ್ಟ ಫೋನು ಅದುರುವ ಸದ್ದು. ಬಾವಿಯೊಳಗಿಂದ. ಏಳು ಸಲ ಬಂತು. ನಿಂತಿತು. ಅತ್ತ ಸೈದಾನಬಿಯ ಕಿಟಕಿಯಲ್ಲಿ ಮುದುಕಿ ಕಿವಿಯಿಂದ ಫೋನು ಇಳಿಸಿದ್ದು ದೀಪದ ಬೆಳಕಿಗೆ ಕಂಡಿತು.

ಅಂಜುಮ ಓಡಬೇಕಿತ್ತು. ಓಡಲಿಲ್ಲ. ಫೋನು ತೆಗೆದು ಹೊತ್ತು ನೋಡಿದಳು. ಹತ್ತೂ ಮೂವತ್ತೆಂಟು. ಕಟ್ಟೆಯ ಮೇಲೆ ಕೂತಳು. ‘ಕೋಡು ಕಳಿಸಿ’ ಒತ್ತಿದಳು.

ಕೆಳಗೆ ‘ಟಿಣ್’ ಅಂತು.

ಆಮೇಲೆ ದನಿ ಬಂತು. ಅಂಗಡಿಯಲ್ಲಿ ಗಿರಾಕಿಗಳಿಗೆ ಓದುತ್ತಿದ್ದ ಅದೇ ದನಿ. ಅವಸರವಿಲ್ಲ.

“ನಾಲ್ಕು... ಸೊನ್ನಿ... ಒಂಬತ್ತು... ಒಂಬತ್ತು... ಎರಡು...”

ಅವಳು ಒತ್ತುತ್ತ ಹೋದಳು. ಐದು ಅಂಕಿ ಆದವು. ದನಿ ನಿಂತಿತು. ನೀರು ಮಾತ್ರ ಎಲ್ಲೋ ತೊಟ್... ತೊಟ್... ಅನ್ನುತ್ತಿತ್ತು.

“ಆರನೇದು?” ಪಿಸುಗುಟ್ಟಿದಳು.

“ಬಗ್ಗು. ಅಲ್ಲಿಂದ ಕೇಳಸಂಗಿಲ್ಲ ನಿನಗ.”

ಅಂಜುಮ ಬಗ್ಗಲಿಲ್ಲ. ಸೊನ್ನೆ ಹಾಕಿ ನೋಡಿದಳು, ತಪ್ಪು. ಒಂದು ಹಾಕಿದಳು, ತಪ್ಪು. ಇನ್ನೊಂದು ಸಲ ತಪ್ಪಿದರೆ ಇಪ್ಪತ್ನಾಲ್ಕು ತಾಸು ಬಂದ್ ಎಂದು ಫೋನು ತೋರಿಸಿತು. ಹತ್ತೂ ನಲವತ್ತಾರು. ಕೂತಲ್ಲಿಂದಲೇ ಅವಳು ಸೈದಾನಬಿಯ ಕಿಟಕಿಯ ಕಡೆ ನೋಡಿದಳು. ಬಹಳ ಹೊತ್ತೇನೂ ನೋಡಲಿಲ್ಲ. ಎದ್ದು ಹೋಗಿ ಆ ಕಿಟಕಿಯ ಹೊರಗೆ ನಿಂತಳು.

“ಖಾಲಾ... ಆಸೀಫ ಮಾತಾಡಾಕತ್ಯಾನ.”

ಅಷ್ಟು ಸಣ್ಣಗೆ ಹೇಳಿದರೂ ಮುದುಕಿ ‘ಆಂ’ ಅನ್ನಲಿಲ್ಲ. ಬರಿಗಾಲಲ್ಲಿ ಬಂದಳು. ಎಂಬತ್ತು ಹೆಜ್ಜೆಯನ್ನೂ ಅಂಜುಮಳಿಗಿಂತ ಮುಂದೆ ನಡೆದಳು. ಕಟ್ಟೆಯ ಮೇಲೆ ಕೂತು ಒಳಗೆ ನೋಡಿದಳು.

“ಬೇಟಾ?”

“ಅಮ್ಮೀ.”

ಅಂಜುಮ ಮತ್ತೆ ಕೋಡು ಕಳಿಸಿದಳು. ‘ಟಿಣ್’. ದನಿ ಐದು ಅಂಕಿ ಓದಿತು. ಈ ಸಲ ಬೇರೆ ಅಂಕಿಗಳು. ಅವಳು ಹೆಬ್ಬೆರಳಿನಿಂದ ಐದನ್ನೂ ಒತ್ತಿದಳು. ಎಡಗೈಯಲ್ಲಿ ಮುದುಕಿಯ ರಟ್ಟೆ ಹಿಡಿದಿದ್ದಳು. ಅಷ್ಟು ಮಾಡಿದ್ದಳು, ಅದನ್ನೂ ಹೇಳಬೇಕು.

“ಇನ್ನೊಂದು ಅಂಕಿ ಹೇಳ್ತಾನ ಖಾಲಾ. ಕೇಳಿ ನನಗ ಹೇಳ್ರಿ. ಒಂದ ಒಂದು.”

“ಅಮ್ಮೀ, ಬಗ್ಗು,” ಅಂದಿತು ದನಿ.

ಸೈದಾನಬಿ ಬಗ್ಗಿದಳು. ಬಲಗಿವಿಗೆ ಕೈ ಹಚ್ಚಿದಳು. ಕೇಳಿಸಲಿಲ್ಲ.

ಹತ್ತೂ ಐವತ್ತೇಳು.

“ಆ ಕಿವಿ ಬ್ಯಾಡ್ರಿ,” ಅಂದಳು ಅಂಜುಮ. “ಎಡಗಿವಿ ಕೊಡ್ರಿ.”

ಮುದುಕಿ ಕೂತಿದ್ದ ರೀತಿಯಲ್ಲಿ ಎಡಗಿವಿ ಬಾವಿಗೆ ಕೊಡಬೇಕೆಂದರೆ ಸೊಂಟದ ತನಕ ಒಳಗೆ ಬಾಗಬೇಕು. ಬಾಗಿದಳು. ಅವಳ ಭಾರವೆಲ್ಲ ಅಂಜುಮಳ ಎಡಗೈ ಮೇಲೆ ಬಂತು. ಬಲಗೈಯಲ್ಲಿದ್ದ ಫೋನು ಜಾರತೊಡಗಿತು.

“ಮೂರು,” ಅಂದಳು ಸೈದಾನಬಿ. ಆ ದನಿಯಲ್ಲಿ ಸಂತೋಷವಿತ್ತು.

ಜಾರುವ ಫೋನನ್ನು ಹಿಡಿಯಲು ಎರಡೂ ಕೈ ಬೇಕಾದವು.

‘ಗುಳುಂ’ ಅಂತು. ತುಂಬುವ ಕೊಡ ಮುಳುಗುವಾಗ ಆಗುವ ಸದ್ದು. ಅಷ್ಟೇ. ಕೂಗು ಇಲ್ಲ. ಅಂಜುಮ ಮೊದಲು ಮೂರು ಒತ್ತಿದಳು. ‘ಖಾತೆಗಳನ್ನು ಬೇರ್ಪಡಿಸಲಾಗಿದೆ’ ಎಂದು ಬಂದದ್ದನ್ನು ಓದಿದಳು. ಆಮೇಲೆ ಕೆಳಗೆ ನೋಡಿದಳು. ಆಮೇಲೆ ಊರಿಗೆ ಕೇಳುವ ಹಾಗೆ ಚೀರಿದಳು.

ಮಗನ ದುಃಖಕ್ಕೆ ಹಾರಿಕೊಂಡಳು ಅಂದಳು. ಜನ ನಂಬಿದರು. ನಂಬುವಂಥದ್ದೇ ಆಗಿತ್ತು ಅದು. ಬೆಳಿಗ್ಗೆ ಮೋಟರು ಹಚ್ಚಿ ಬಾವಿ ಖಾಲಿ ಮಾಡಿದರು. ಸೈದಾನಬಿ ಸಿಕ್ಕಳು, ಎಡಗಿವಿ ಕೆಳಗಾಗಿ ಮಲಗಿದ್ದಳು. ಒಂದು ತಂಬಿಗೆ ಸಿಕ್ಕಿತು, ಹೂಳು ಸಿಕ್ಕಿತು. ಫೋನು ಸಿಗಲಿಲ್ಲ.

ಆರನೆಯ ವಿಡಿಯೋ ಬರಲೇ ಇಲ್ಲ. ಹನ್ನೆರಡನೇ ದಿನ ನಿಕಾಹ್ ಆಯಿತು. ಅಂಜುಮ ಈಗ ಗಂಗಾವತಿಯಲ್ಲಿದ್ದಾಳೆ. ಬಾವಿಯ ಕಟ್ಟೆಯ ಮೇಲೆ ಆದದ್ದನ್ನು ಅವಳು ಜರೀನಾಳಿಗೆ ಒಂದೇ ಸಲ ಹೇಳಿದ್ದಾಳೆ, ಒಂದು ಫೋಟೊ ತೋರಿಸುವ ಸಲುವಾಗಿ.

ಆ ಫೋಟೊ ಅವಳ ಫೇಸ್‌ಬುಕ್ಕಿನಲ್ಲಿದೆ. ಆ ರಾತ್ರಿ ಹತ್ತೂ ಐವತ್ತೊಂಬತ್ತಕ್ಕೆ ಬಂದದ್ದು, ಖಾತೆಗಳು ಬೇರೆಯಾದ ಮೇಲೆ. ಅಳಿಸಲು ಒತ್ತಿದರೆ ಫೋನು ಕೋಡು ಕೇಳುವುದಿಲ್ಲ, ಏನನ್ನೂ ಕೇಳುವುದಿಲ್ಲ. ಫೋಟೊ ಹೋಗುವುದೂ ಇಲ್ಲ. ಸುತ್ತ ಕಲ್ಲಿನ ಕಪ್ಪು ವರ್ತುಲ, ನಡುವೆ ಚುಕ್ಕಿ ತುಂಬಿದ ಆಕಾಶ, ಅಂಚಿನಲ್ಲಿ ಫೋನಿನ ಬೆಳಕು ಬಿದ್ದ ಅಂಜುಮಳ ಮುಖ. ಕಣ್ಣುಗಳು ಫೋನಿನ ಮೇಲಿವೆ. ತುಟಿಯ ತುದಿಯಲ್ಲಿ ಸ್ವಲ್ಪ ನಗು. ನಲವತ್ತೊಂದು ಜನ ಮೆಚ್ಚಿದ್ದಾರೆ. ‘ಮಾರಿ ಭಾಳ ಛಲೋ ಬಂದೈತಿ, ಯಾರು ತಗದಾರ?’ ಎಂದು ಜೋಹರಾಬಿ ಕೆಳಗೆ ಬರೆಸಿದ್ದಾಳೆ.

ಸುಳ್ಳು ಅನ್ನುವವರು ಹೋಗಿ ನೋಡಬಹುದು. ಫೋಟೊ ತೆಗೆದದ್ದು ನೀರಿನ ಮಟ್ಟದಿಂದ. ಮೋಟರು ಇಳಿಸುವ ಮೊದಲು, ಅದನ್ನು ತಂದಿದ್ದ ಗಿಡ್ಡಪ್ಪ ಹಗ್ಗ ಬಿಟ್ಟು ಅಳೆದಿದ್ದ. ಅವನು ಇದ್ದಾನೆ, ಕೇಳಿದರೆ ಹೇಳುತ್ತಾನೆ. ನೀರು ಕಟ್ಟೆಯಿಂದ ಮೂವತ್ತೆರಡು ಅಡಿ ಕೆಳಗಿತ್ತು.