ಸಾಲಿಗೆ ಬಾರದ ಸಾವಿರದೊಂಬತ್ತು ಕುರಿ

ಕೇಳ್ರಪ್ಪೋ ಕೇಳಿ! ಹೂಂಗುಟ್ಟೋರು ಮುಂದಕ್ಕೆ ಬನ್ನಿ, ತೂಕಡಿಸೋರು ಎದ್ದು ಮನೆಗೆ ನಡೀರಿ. ಒಂದು ಕಾಲ, ಒಂದು ಸೀಮೆ. ಹೆಸರು ಕೇಳಬೇಡಿ, ನಮ್ಮಜ್ಜಿ ನಂಗೂ ಹೇಳಲಿಲ್ಲ.

ಆ ಸೀಮೆ ದೊರೆಗೆ ಸಾಲಿನ ಹುಚ್ಚು. ಮರ ಸಾಲಾಗಿರಬೇಕು, ಮನೆ ಸಾಲಾಗಿರಬೇಕು, ಕುರೀನೂ ಸಾಲಾಗಿರಬೇಕು! ಅವನ ಕಟ್ಟಳೆ ಏನು ಗೊತ್ತಾ? ವರ್ಷಕ್ಕೊಂದು ಸಲ ಪ್ರತಿ ಹಟ್ಟಿಯ ಕುರಿಗಳನ್ನೂ ಸಾಲು ನಿಲ್ಲಿಸಬೇಕು. ಎಷ್ಟು ಸಾಲು ಅನ್ನೋದು ಅರಮನೆ ಕಡೆಯ ಪಾರುಪತ್ಯಗಾರನ ಇಷ್ಟ. ಎಲ್ಲ ಸಾಲೂ ಸಮ ಬಂದ್ರೆ ಒಂದು ಸಾಲು ಅರಮನೆಗೆ. ಹೆಂಗೆ ನಿಲ್ಲಿಸಿದ್ರೂ ಸಮ ಬರದಿದ್ರೆ ಒಂದು ಕುರೀನೂ ಇಲ್ಲ. ಕಡಿಮೆ ಅಂದ್ರೆ ಎರಡು ಸಾಲು, ಸಾಲಿಗೆ ಎರಡು ಕುರಿ ಇರಲೇಬೇಕು.

ಆ ವರ್ಷ ಪಾರುಪತ್ಯಗಾರ ಚೆನ್ನಿಗಯ್ಯ ಒಂದು ಕುರುಬರ ಹಟ್ಟಿಗೆ ಬಂದ. ಎಣಿಸಿದ. ಸಾವಿರದೆಂಟು ಕುರಿ! ಬಾಯಲ್ಲಿ ನೀರೂರಿತು.

"ಏಳು ಸಾಲು ಬರುತ್ತೆ, ಒಂಬತ್ತೂ ಬರುತ್ತೆ. ಅದೆಲ್ಲ ಯಾಕೆ, ಎರಡೇ ಸಾಲು ಮಾಡ್ರೋ! ಐನೂರ ನಾಲ್ಕು ಅರಮನೆಗೆ!"

ಅರ್ಧ ಹಿಂಡು! ಹಟ್ಟಿಯ ಹಿರಿಯಳು ಮಾಳವ್ವ ಮುಂದೆ ಬಂದಳು.

"ಅರ್ಧ ಹೋದ್ರೆ ಉಣ್ಣೆ ಎಲ್ಲಿಂದ ತರಲಿ ಸ್ವಾಮಿ? ಚಳೀಲಿ ನಮ್ಮ ಮಕ್ಕಳು ಏನು ಹೊದೀಬೇಕು?"

"ದೊರೆಯನ್ನ ಕೇಳು, ಹೋಗು!"

ಅಷ್ಟರಲ್ಲಿ ಏನಾಯ್ತು? ಕರಿ ಕುರಿಯೊಂದು ಅಲ್ಲೇ ಮರಿ ಹಾಕಿತು. ಮಾಳವ್ವ ಅದನ್ನೆತ್ತಿ ಕಂಬಳೀಲಿ ಸುತ್ತಿಕೊಂಡಳು.

"ಹುಲ್ಲು ಕಚ್ಚೋವರೆಗೂ ಮರೀನ ನಾವು ಎಣಿಸೋದಿಲ್ಲ ಸ್ವಾಮಿ."

ಇದ್ದದ್ದನ್ನ ಇದ್ದಂಗೆ ಹೇಳಿದಳು ತಾಯಿ. ಆ ದುರಾಸೆಯವನು ಬಿಡ್ತಾನಾ?

"ಅರಮನೆ ಸೊತ್ತು ಮುಚ್ಚಿಡ್ತೀಯಾ? ತಲೆ ಇರೋದೆಲ್ಲಾ ಲೆಕ್ಕಕ್ಕೆ! ದೊರೆಯಾಣೆ!"

ಇಡೀ ಹಟ್ಟಿ ಕೇಳಿಸಿಕೊಂಡಿತು.

ಎರಡು ಸಾಲು ಮಾಡಿದ, ಒಂದು ಉಳೀತು. ಮೂರು ಸಾಲು ಮಾಡಿದ, ಒಂದು ಉಳೀತು. ಏಳು ಸಾಲು ಮಾಡಿದ, ಒಂದು ಉಳೀತು. ಯಾರು ಉಳಿದದ್ದು? ಅದೇ ಮರಿ! ನಡುಗೋ ಕಾಲಲ್ಲಿ ನಿಂತು "ಬ್ಯಾ" ಅಂತಿತ್ತು. ಐದು ಸಾಲಿಗೆ ನಾಲ್ಕು ಉಳೀತು, ಹನ್ನೊಂದಕ್ಕೆ ಎಂಟು, ಹದಿಮೂರಕ್ಕೂ ಎಂಟು. ಎರಡರಿಂದ ಮೂವತ್ತೊಂದರ ತನಕ ಒಂದು ಸಂಖ್ಯೇನೂ ಬಿಡಲಿಲ್ಲ ಮಹಾರಾಯ. ತಲೆಯ ರುಮಾಲು ಜಾರಿ ಕುರಿಗಳ ಕಾಲಡಿ ಸೇರಿತು.

"ಮೂವತ್ತೆರಡು... ಸಾಲು..." ಅಂತ ಏದುಸಿರು ಬಿಟ್ಟ.

ಮಾಳವ್ವ ನಕ್ಕಳು. "ಸಾಕು ಬಿಡಿ ಸ್ವಾಮಿ. ಸಾಲು ಇನ್ನೂ ಹೆಚ್ಚಿದ್ರೆ ಸಾಲಿಗೆ ಮೂವತ್ತೊಂದೋ, ಅದಕ್ಕೂ ಕಮ್ಮಿಯೋ ನಿಲ್ಲಬೇಕು. ಅಡ್ಡಕ್ಕೆ ತಿರುಗಿ ನೋಡಿದ್ರೆ ಅದೂ ಮೂವತ್ತೊಂದರೊಳಗಿನ ಸಾಲೇ, ಅದನ್ನೆಲ್ಲಾ ನೀವು ಆಗಲೇ ನೋಡಿ ಆಯ್ತಲ್ಲಾ? ಸಾವಿರದೊಂಬತ್ತು ಯಾವ ಸಾಲಿಗೂ ಬಗ್ಗಲ್ಲ!"

"ಹಂಗಾದ್ರೆ ಆ ಮರೀನ ಆಚೆ ಹಾಕು!"

"ತಲೆ ಇರೋದೆಲ್ಲಾ ಲೆಕ್ಕಕ್ಕೆ ಅಂತ ದೊರೆಯಾಣೆ ಇಟ್ಟೋರು ಯಾರು ಸ್ವಾಮಿ?"

ಹಟ್ಟಿಗೆ ಹಟ್ಟಿಯೇ ಹೋ ಎಂದಿತು! ಚೆನ್ನಿಗಯ್ಯ ಬರಿಗೈಲಿ, ಬರಿತಲೇಲಿ ಹೊರಟ. ಡೊಳ್ಳು ಬಡಿದರು, ಮರೀನ ಹೆಗಲ ಮೇಲೆ ಹೊತ್ತು ಮೆರೆಸಿದರು. ನಂಗೆ ಈಗಲೂ ಕತೆ ಇಲ್ಲಿಗೆ ಬಂದ್ರೆ ಕಣ್ಣು ತುಂಬುತ್ತೆ ಕಣ್ರೋ. ಮಾಳವ್ವ ಕೂಗಿ ಹೇಳಿದಳು:

"ಇವತ್ತಿಂದ ಹುಟ್ಟಿದ ಗಳಿಗೇಲೇ ಮರೀನ ಎಣಿಸ್ರೋ!"

ಕಂಬಳಿ ಅವರ ಹೆಗಲಿಗೆ, ಕತೆ ನಿಮ್ಮ ಕಿವಿಗೆ. ನಂಗೊಂದು ಲೋಟ ಮಜ್ಜಿಗೆ ತನ್ನಿ.