ಎದುರಿನವರಿಗೆ ಮುಟ್ಟುವಷ್ಟೇ ದನಿ

ಅಧ್ಯಕ್ಷತೆ ವಹಿಸಿರುವ ಶಾಂತಪ್ಪ ಕಾಕಾ ಅವರೇ, ವೇದಿಕೆಯ ಹಿರಿಯರೇ, ಹೊನವಾಡದಿಂದ ವಿಜಯಪುರದ ತನಕ ಬಸ್ಸಿನಲ್ಲಿ ನಿಂತುಕೊಂಡೇ ಬಂದ ನನ್ನ ತಾಯಂದಿರೇ, ಸಭಿಕರೇ,

ಊರ ಹೊರಗಿನ ನಮ್ಮ ವಸ್ತಿಗೆ ಫೋನಿನ ಟವರ್ ಕೊಡ್ತೀವಿ ಅಂತ ಕಂಪನಿಯವರು ಅಂದರು, ಕೊಡಲಿಲ್ಲ. ಊರಿನ ಟವರನ್ನೇ ನಿಮ್ಮ ಕಡೆ ಹೊರಳಿಸ್ತೀವಿ ಅಂದರು, ಹೊರಳಿಸಲಿಲ್ಲ. ಅರ್ಜಿ ಬರೀರಿ ಅಂದರು, ಬರೆದೆವು. ಧರಣಿ ಕುಂತೆವು. ಕೊನೆಗೆ, ನಿಮ್ಮಲ್ಲಿ ಮಾತಾಡೋ ಮಂದಿ ಕಡಿಮೆ ಅಂದರು. ನಮ್ಮಲ್ಲಿ ಕಡಿಮೆಯೇ? ಹುಲಿಗೆವ್ವ ದೊಡ್ಡಮ್ಮನನ್ನು ಕೇಳಿ ನೋಡ್ರಿ. ನಗಬ್ಯಾಡ್ರಿ, ಮುಂದಿನ ಸಾಲಿನಾಗೇ ಕುಂತಾಳ.

ಹಂಗಾರ ಟವರಿನ ಹಂಗೇ ಬೇಡ, ಹತ್ತಿರದ ಎರಡು ಫೋನು ನೇರವಾಗಿ ಮಾತಾಡಿಕೊಳ್ಳಲಿ ಎಂದು ಏಳು ವರ್ಷ ಓದಿದೆ. ಅದಕ್ಕೇ ಡಾಕ್ಟರೇಟು, ಅದಕ್ಕೇ ಈ ಹಾರ. ತೊಡಕು ಒಂದೇ: ಟವರಿನ ಮಾತಿಗೂ ನಮ್ಮ ಮಾತಿಗೂ ಗಾಳಿಯಲ್ಲಿ ಇರುವ ಹಾದಿ ಒಂದೇ. ಒಬ್ಬ ಜೋರು ಮಾಡಿದರೆ ಪಕ್ಕದವನ ಮಾತು ಸಾಯುತ್ತದೆ. ಪುಸ್ತಕ ಏನನ್ನುತ್ತದೆ? ಟವರಿನ ಗಿರಾಕಿಗೆ ತ್ರಾಸಾಗಬಾರದು, ನೇರ ಮಾತಾಡುವ ಸಣ್ಣ ಜೋಡಿ ಫೋನು ದನಿ ತಗ್ಗಿಸಬೇಕು. ಯಾವಾಗಲೂ ನಾವೇ ಯಾಕೆ ತಗ್ಗಿಸಬೇಕು? ಟವರಿನ ದೊಡ್ಡವನೂ ತನ್ನ ಪಾಲು ತಗ್ಗಿಸಲಿ ಎಂದು ನಾನು ಬರೆದೆ.

ಇದನ್ನು ಕಲಿತದ್ದು ಕಾಲೇಜಿನಲ್ಲಲ್ಲ, ದ್ರಾಕ್ಷಿ ಕಟಾವಿನಲ್ಲಿ. ಬಳ್ಳಿಯ ಈ ಕಡೆ ಒಬ್ಬರು, ಆ ಕಡೆ ಒಬ್ಬರು. ನಲವತ್ತು ಮಂದಿ ಒಮ್ಮೆಗೇ ಮಾತಾಡಿದರೂ ಯಾರ ಮಾತೂ ಯಾರ ಮೇಲೂ ಬೀಳುತ್ತಿರಲಿಲ್ಲ. ಎದುರಿನವರಿಗೆ ಮುಟ್ಟುವಷ್ಟೇ ದನಿ. ಬದುವಿನ ಮೇಲೆ ನಿಂತು ಆಳುಗಳ ಮೇಲ್ವಿಚಾರಕ ಮುಕಾದಮ ಒದರಿದರೆ ಮಾತ್ರ ಎಲ್ಲರ ಮಾತೂ ಹರಿದುಹೋಗುತ್ತಿತ್ತು. ನನ್ನ ಎದುರಿಗೆ ಆಮ್ರಪಾಲಿ ಇರುತ್ತಿದ್ದಳು. ಎಲೆಯ ನಡುವೆ ಮುಖ ಕಾಣುತ್ತಿರಲಿಲ್ಲ, ಬೆರಳು ಕಾಣುತ್ತಿದ್ದವು. ಬಲಗೈ ಹೆಬ್ಬೆರಳಿಗೆ ಕತ್ತರಿ ತಾಗಿದ ಒಂದು ಗೀರು. ಇರಲಿ, ವಿಷಯಕ್ಕೆ ಬರುತ್ತೇನೆ.

ಹೋದ ಕಟಾವಿನಲ್ಲಿ ಅದೇ ತೋಟದಲ್ಲಿ ಪರೀಕ್ಷೆ ಇಟ್ಟೆವು. ಎರಡು ಜೋಡಿ, ನಾಲ್ಕು ಫೋನಿನ ಸೆಟ್ಟು. ಹುಲಿಗೆವ್ವ ದೊಡ್ಡಮ್ಮನಿಗೆ ಒಂದು. ಆಕೆಯ ಜೋಡಿ ಪೀರಾಂಬಿ, ದೂರದ ಒಣದ್ರಾಕ್ಷಿ ಶೆಡ್ಡಿನಲ್ಲಿ. ನನ್ನದು ಒಂದು, ನಾಲ್ಕನೆಯದು ಬಾವಿಯ ಹತ್ತಿರ, ಆಮ್ರಪಾಲಿಯ ಕೈಯಲ್ಲಿ. ಹನ್ನೊಂದು ವರ್ಷದ ಮೇಲೆ ಆ ದನಿ ಕೇಳಿದೆ. ಸಣ್ಣಗೆ ಬರುತ್ತಿತ್ತು. 'ರಾಜಾರಾಮ, ಕೇಳಸ್ತೈತಿ ಏನ?' ಅಂದಳು. ನನ್ನ ಉತ್ತರ ಆಕೆಗೆ ಅರೆಬರೆ ಮುಟ್ಟುತ್ತಿತ್ತು. ಆಕೆ ಮಾತು ಮುಗಿಸಿಬಿಡುತ್ತಾಳೆ ಎಂದು ಹೆದರಿ, ನಾನೇ ಬರೆದ ನಿಯಮ ಮುರಿದು ನನ್ನ ಸೆಟ್ಟಿನ ಬಲ ಪೂರ್ತಿ ಏರಿಸಿದೆ. ಆಕೆಯ ಸೆಟ್ಟಿಗೂ ಅದೇ ಹುಕುಂ ಹೋಯಿತು.

ಅದೇ ಹೊತ್ತಿಗೆ ಬಿಸಿಲಿಗೆ ಕಣ್ಣು ಕತ್ತಲೆ ಬಂದು ದೊಡ್ಡಮ್ಮ ಬಳ್ಳಿಯ ಬುಡಕ್ಕೆ ಕುಸಿದಿದ್ದಳು. 'ಪೀರಾಂಬಿ, ನೀರ ತಾರಬೇ' ಎಂದು ಸೆಟ್ಟಿನಲ್ಲಿ ಕೂಗಿದಳಂತೆ. ಪೀರಾಂಬಿಗೆ ಕೇಳಿಸಿದ್ದು ಬರೀ ಗೊರಗೊರ ಸಪ್ಪಳ. ಅರ್ಧ ತಾಸು ದೊಡ್ಡಮ್ಮ ಹಾಗೇ ಬಿದ್ದಿದ್ದಳು. ನಾನು ಅಷ್ಟೂ ಹೊತ್ತು ನಗುತ್ತ ಮಾತಾಡುತ್ತಿದ್ದೆ.

ಆಮ್ರಪಾಲಿ ಸೆಟ್ಟು ತಂದು ನನ್ನ ಕೈಗಿಟ್ಟಳು. 'ನಿನ್ನ ದನಿ ನನಗ ಚೊಲೋ ಕೇಳಸ್ತು. ದೊಡ್ಡವ್ವನ ದನಿ ಯಾರಿಗೂ ಕೇಳಸಲಿಲ್ಲ. ನೀನೂ ಬದುವಿನ ಮ್ಯಾಲೇ ಹತ್ತಿ ನಿಂತಿ' ಅಂದಳು.

ವರದಿಯಲ್ಲಿ ನಾನು 'ಯಂತ್ರದ ದೋಷ' ಎಂದು ಬರೆದೆ. ಯಂತ್ರದ ದೋಷ ಏನೂ ಇರಲಿಲ್ಲ. ನಿನ್ನೆ ಆ ಸಾಲು ಹೊಡೆದುಹಾಕಿ ನಿಜ ಬರೆದು ಕಳಿಸಿದ್ದೇನೆ. ಹಾರ ತಿರುಗಿ ತಗೋಬೇಕು ಅನ್ನಿಸಿದರೆ ತಗೋರ್ರಿ, ಅಧ್ಯಕ್ಷರೇ. ಪರೀಕ್ಷೆ ಮತ್ತೊಮ್ಮೆ ಇಡ್ತೀವಿ, ದೊಡ್ಡಮ್ಮ ಇನ್ನೊಮ್ಮೆ ಸೆಟ್ಟು ಹಿಡಿಯಾಕ ಒಪ್ಪ್ಯಾಳ. ಪೀರಾಂಬಿ ಬೈದು ಒಪ್ಪ್ಯಾಳ. ನಾಲ್ಕನೆಯ ಸೆಟ್ಟು ಹಿಡಿಯುವ ಕೈ ಇನ್ನೂ ಇಲ್ಲ.

ಈ ದೀಪದ ಬೆಳಕಿಗೆ ಹಿಂದಿನ ಸಾಲು ನನಗೆ ಕಾಣುವುದಿಲ್ಲ. ಅಲ್ಲಿ ಯಾರಾದರೂ ಕುಂತಿದ್ದರೆ ಹೇಳುತ್ತೇನೆ: ಸೆಟ್ಟು ಬಾವಿಯ ಕಟ್ಟೆಯ ಮೇಲೆ ಇರುತ್ತದೆ. ಈ ಸಲ ಬಲ ಏರಿಸುವುದಿಲ್ಲ. ಕೇಳಿಸದಿದ್ದರೆ ನಾನೇ ನಡೆದು ಹತ್ತಿರ ಬರುತ್ತೇನೆ.

ಇಷ್ಟು ಹೊತ್ತು ನನ್ನೊಬ್ಬನ ದನಿ ತಾಳಿಕೊಂಡಿರಿ, ಉಪಕಾರ. ನಿಮಗೆಲ್ಲ ನಮಸ್ಕಾರ. ಹೊನವಾಡದ ತೋಟ, ಬರುವ ರವಿವಾರ, ಮುಂಜಾನೆ ಏಳು ಗಂಟೆ.