ಕಾಲುವೆಯ ಕಲ್ಲುಗಳು

...ಹಾಗಾಗಿ, ಮೈಕು ಕೈಕೊಡುವ ಮೊದಲು ನಾನು ಹೇಳುತ್ತಿದ್ದದ್ದು ಇಷ್ಟೇ, ನೀರಿಗೆ ಅವಸರ ಜಾಸ್ತಿ. ಈಗ ಕೇಳಿಸುತ್ತಿದೆಯಾ? ಹಿಂದಿನ ಸಾಲಿನವರಿಗೂ? ಸರಿ. ಮೈಕು ಮೊದಲಿಂದ ಶುರುವಾಗಿದೆ ಅಂದಮೇಲೆ ನಾನೂ ಮರ್ಯಾದೆಯಾಗಿ ಮೊದಲಿಂದಲೇ ಶುರು ಮಾಡುತ್ತೇನೆ. ಸಭೆಯ ಅಧ್ಯಕ್ಷರೂ ನಮ್ಮ ಯಾಸೆನಿಕ್ ಗಣಿಯ ನಿರ್ದೇಶಕರೂ ಆದ ಎದ್ಹೆಮ್ ಅವರೇ, ಕಾರ್ಮಿಕ ಸಂಘದ ಹಿರಿಯರೇ, ಸಾರಾಯೆವೊದಿಂದ ಬಂದ ಅತಿಥಿಗಳೇ, ಗಣಿ ಕಾರ್ಮಿಕರ ದಿನ ಅಂತ ವರ್ಷಕ್ಕೊಮ್ಮೆ ಇಸ್ತ್ರಿ ಅಂಗಿ ತೊಟ್ಟು ಬಂದಿರುವ ನನ್ನ ಸಭಿಕರೇ.

ಇವತ್ತು ಈ ಶೆಫಿಕಾಗೆ ನಿವೃತ್ತಿ. ನೆನಪಿಗೆ ಹಿತ್ತಾಳೆಯ ಗಣಿದೀಪ ಕೊಟ್ಟಿದ್ದೀರಿ. ಚೆನ್ನಾಗಿದೆ. ಆದರೆ ನಮ್ಮದು ಬಯಲು ಗಣಿ, ಮೂವತ್ತೊಂದು ವರ್ಷದಲ್ಲಿ ನಾನು ಒಂದು ದಿನವೂ ಭೂಮಿಯೊಳಗೆ ಇಳಿದವಳಲ್ಲ. ದೀಪದ ಬದಲು ಒಂದು ಜೊತೆ ರಬ್ಬರ್ ಬೂಟು ಕೊಟ್ಟಿದ್ದರೆ ಇವತ್ತೇ ಉಪಯೋಗಕ್ಕೆ ಬರುತ್ತಿತ್ತು. ನಗುತ್ತಿದ್ದೀರಿ. ನಗಿ, ಪರವಾಗಿಲ್ಲ.

ಅಧ್ಯಕ್ಷರು ನನ್ನನ್ನು ಪರಿಸರದ ಕಣ್ಗಾವಲು ಅಂದರು. ಅಷ್ಟು ದೊಡ್ಡ ಮಾತು ಬೇಡ. ನಾನು ಕೆಸರು ಕಾಯುವವಳು. ಕಲ್ಲಿದ್ದಲಿಗಾಗಿ ನೀವು ಮಣ್ಣು ಬಗೆದು ಗುಡ್ಡ ಮಾಡುತ್ತೀರಿ. ಆ ಗುಡ್ಡದ ಮೇಲೆ ಹುಲ್ಲಿಲ್ಲ, ಬೇರಿಲ್ಲ. ಮಳೆ ಬಂದರೆ ಗುಡ್ಡವೇ ನೀರಾಗಿ ಇಳಿಯುತ್ತದೆ. ಕೆಳಗೆ ಏನಿದೆ? ಲಿಪೊವೊ ಹಳ್ಳಿ ಇದೆ, ಹಳ್ಳ ಇದೆ, ಹಳ್ಳದ ದಂಡೆಯಲ್ಲಿ ನನ್ನ ಅಣ್ಣ ಮುಹರೆಮ್‌ನ ಮೀನುಕೊಳಗಳಿವೆ. ಗುಡ್ಡಕ್ಕೂ ಹಳ್ಳಿಗೂ ನಡುವೆ ಇರುವುದು ಒಂದು ಕಾಲುವೆ, ಕಾಲುವೆಯ ಕೊನೆಗೊಂದು ಹೂಳುಕೊಳ, ಮತ್ತು ನಾನು.

ಕಾಲುವೆಗೆ ಅಡ್ಡವಾಗಿ ಆರು ಕಲ್ಲುಕಟ್ಟೆ. ಒಂದೊಂದಕ್ಕೆ ಏಳು ದೊಡ್ಡ ಕಲ್ಲು. ನೋಡಿದವರಿಗೆ ಯಾರೋ ಗಾಡಿಯಿಂದ ಬೀಳಿಸಿ ಹೋದ ಹಾಗೆ ಕಾಣುತ್ತದೆ. ಆದರೆ ಓಡಿ ಬಂದ ನೀರು ಅಲ್ಲಿ ಎಡವುತ್ತದೆ, ಸುಸ್ತಾಗುತ್ತದೆ, ಹೊತ್ತ ಮಣ್ಣನ್ನು ಕೆಳಗಿಡುತ್ತದೆ. ಉಳಿದದ್ದು ಹೂಳುಕೊಳದಲ್ಲಿ ತಂಗುತ್ತದೆ. ತಿಳಿಯಾದದ್ದು ಮಾತ್ರ ಹಳ್ಳಕ್ಕೆ. ನೀರಿಗೆ ಸುಸ್ತು ಮಾಡಿಸುವುದೇ ನನ್ನ ಕೆಲಸವಾಗಿತ್ತು. ಕೊನೆಗೆ ಯಾರು ಸುಸ್ತಾದರು ಅನ್ನುವುದನ್ನು ನನ್ನ ಮಂಡಿಗಳನ್ನು ಕೇಳಿ.

ಒಂಬತ್ತು ವರ್ಷದ ಹಿಂದೆ, ಇದೇ ದಿನ, ಇದೇ ಸಭಾಂಗಣಕ್ಕೆ ಒಬ್ಬರು ಮಂತ್ರಿಗಳು ಬರುವವರಿದ್ದರು. ನಿಮ್ಮಲ್ಲಿ ಹಲವರಿಗೆ ನೆನಪಿದೆ. ಅಂಗಳದ ಮೇಸ್ತ್ರಿ ಜಿಯಾದ್ ಕಾಲುವೆ ಪಕ್ಕದ ನನ್ನ ಗುಡಿಸಲಿಗೆ ಬಂದ. ದಾರಿಯ ಎರಡೂ ಬದಿಗೆ ಕಲ್ಲು ಜೋಡಿಸಿ ಸುಣ್ಣ ಬಳಿಯಬೇಕಂತೆ, ನನ್ನ ಕಟ್ಟೆಗಳಷ್ಟು ಚೆಂದದ ಕಲ್ಲು ಬೇರೆಲ್ಲೂ ಇಲ್ಲವಂತೆ.

"ಅಕ್ಕಾ, ಒಂದೇ ದಿನಕ್ಕೆ ಕೊಡಿ. ಕಾಲುವೇನೂ ಗುಡಿಸಿ ನೀಟ್ ಮಾಡ್ತೀನಿ. ಮಂತ್ರಿ ನೋಡಿದ್ರೆ ಕಲ್ಲು ಬಿದ್ದಿರೋ ಚರಂಡಿ ಅಂದ್ಕೋತಾರೆ" ಎಂದ.

ಜಿಯಾದ್, ಮುಖ ತಗ್ಗಿಸಬೇಡ. ನಿನ್ನನ್ನು ಬೈಯಲು ನಾನು ಮೈಕು ಹಿಡಿದಿಲ್ಲ. ಮನೆಗೆ ನೆಂಟರು ಬರುತ್ತಾರೆ ಅಂದರೆ ಕಂಬಳಿಯನ್ನೆಲ್ಲ ಕೊಡವಿ, ಹೊಸಿಲನ್ನೂ ತೊಳೆಯುವ ಜನ ನಾವು. ನಮಗೆ ಯಾವಾಗಲೂ ಮೊದಲು ಅಂಗಳ. ನಾನು ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ಮಂತ್ರಿಗಳ ಜೊತೆ ಫೋಟೋದಲ್ಲಿ ನಿಲ್ಲುವವರ ಪಟ್ಟಿಯಲ್ಲಿ ನನ್ನ ಹೆಸರಿತ್ತು.

ಅವತ್ತು ಬೆಚ್ಚನೆ ಗಾಳಿ ಬೀಸಿ ಹಿಮ ಕರಗಿತು. ಅದರ ಮೇಲೆ ಮಳೆ. ಗುಡಿಸಿದ ಕಾಲುವೆಯಲ್ಲಿ ನೀರು ಎಲ್ಲೂ ಎಡವಲಿಲ್ಲ. ಹೂಳುಕೊಳ ತುಂಬಿ, ಏರಿ ದಾಟಿ, ಹಳ್ಳಕ್ಕೆ ಕೆಸರು ಇಳಿಯಿತು. ಇಲ್ಲಿ ನಾವು ರಾಷ್ಟ್ರಗೀತೆಗೆ ಎದ್ದು ನಿಂತಿದ್ದೆವು.

ಮೀನು ಕಿವಿರಿನಿಂದ ಉಸಿರಾಡುತ್ತದೆ. ಕಿವಿರಿಗೆ ಜೇಡಿ ಮೆತ್ತಿಕೊಂಡರೆ ಅದು ನೀರಿನಲ್ಲೇ ಉಸಿರು ಕಟ್ಟಿ ಸಾಯುತ್ತದೆ. ಅಣ್ಣನ ಟ್ರೌಟ್‌ಗಳು ಅಷ್ಟೂ ಹೊಟ್ಟೆ ಮೇಲಾಗಿ ತೇಲಿದವು.

ಹತ್ತು ದಿನದ ಮೇಲೆ ನಾನು ಅವನ ಮನೆಗೆ ಹೋದೆ. ನಮ್ಮ ಕಡೆ ಕಾಫಿಯ ಲೆಕ್ಕ ನಿಮಗೆ ಗೊತ್ತೇ ಇದೆ. ಬಂದವರಿಗೆ ಮೊದಲು ಸ್ವಾಗತದ ಕಾಫಿ, ಆಮೇಲೆ ಮಾತಿನ ಕಾಫಿ, ಕೊನೆಗೆ ಇನ್ನು ಎದ್ದು ಹೊರಡಿ ಅನ್ನುವ ಕಾಫಿ. ಅಣ್ಣ ತಾಮ್ರದ ಜೆಜ್ವಾ ಪಾತ್ರೆಯಿಂದ ಕಾಫಿ ಬಗ್ಗಿಸಿ ನನ್ನ ಮುಂದಿಟ್ಟ. ನಾನಿನ್ನೂ ಶಾಲು ತೆಗೆದಿರಲಿಲ್ಲ.

"ಇದು ಮೂರನೇದು, ಶೆಫಿಕಾ. ಕುಡಿ" ಎಂದ.

ಕುಡಿದೆ. ಎದ್ದು ಬಂದೆ. ಒಂಬತ್ತು ವರ್ಷ ಆ ಹೊಸಿಲು ತುಳಿದಿಲ್ಲ.

ಇದನ್ನೆಲ್ಲ ಸನ್ಮಾನದ ದಿನ ಯಾಕೆ ಹೇಳುತ್ತಿದ್ದೇನೆ? ನನಗೂ ಗೊತ್ತಿಲ್ಲ. ಬರೆದು ತಂದ ಭಾಷಣ ಕೋಟಿನ ಜೇಬಿನಲ್ಲೇ ಇದೆ. ಅದರಲ್ಲಿ ಬರೀ ಧನ್ಯವಾದಗಳಿವೆ. ಆದರೆ ಆ ದಿನದ ತನಿಖೆಯ ಕಡತ ಹೇಗೆ ಮುಚ್ಚಿತು ಅಂತ ನಿಮಗೆ ನೆನಪಿದೆಯಾ? ಅಸಾಧಾರಣ ಮಳೆ, ಯಾರ ತಪ್ಪೂ ಇಲ್ಲ ಅಂತ. ಮಳೆ ಅಳೆದು ಬರೆಯುವ ಪುಸ್ತಕ ಯಾರ ಕೈಯಲ್ಲಿತ್ತು? ನನ್ನ ಕೈಯಲ್ಲಿ. ಅವತ್ತು ಬಿದ್ದದ್ದು ಮೂವತ್ತೆಂಟು ಮಿಲಿಮೀಟರ್. ಪುಸ್ತಕದಲ್ಲಿರುವುದು ಎಂಬತ್ತೆಂಟು. ಮೂರಕ್ಕೆ ಎಡಗಡೆ ಎರಡು ಗೆರೆ ಎಳೆದರೆ ಎಂಟಾಗುತ್ತದೆ. ಯಾರೂ ಹೇಳಿಕೊಡಲಿಲ್ಲ, ನಾನೇ ಎಳೆದೆ. ಎದ್ಹೆಮ್ ಅವರೇ, ಆಗ ನೀವಿರಲಿಲ್ಲ, ಗಾಬರಿ ಬೇಡ, ನೀರು ಕುಡಿಯಿರಿ. ನಾನು ಅವನ ಮನೆಗೆ ಹೋಗುವ ಮೊದಲೇ ಅಣ್ಣ ಆ ಪುಸ್ತಕದ ನಕಲು ನೋಡಿದ್ದ. ಅವನ ಅಂಗಳದಲ್ಲೂ ಒಂದು ಬಕೆಟ್ಟು ಇತ್ತಲ್ಲ. ಅದರಲ್ಲಿ ಎಷ್ಟು ನೀರಿತ್ತು ಅಂತ ಅವನಿಗೆ ಗೊತ್ತಿತ್ತು. ಮೀನು ಸತ್ತದ್ದಕ್ಕೆ ಕೊಟ್ಟ ಕಾಫಿ ಅಂತ ನಾನು ಬಹಳ ದಿನ ನಂಬಿದ್ದೆ. ಮೀನಿಗಾಗಿ ಆಗಿದ್ದರೆ ಒಂದು ವರ್ಷಕ್ಕೆ ಮರೆಯುತ್ತಿದ್ದ.

ಕೆಸರು ಇಳಿದ ವಾರವೇ ಕಲ್ಲುಗಳನ್ನು ವಾಪಸ್ ಹೊತ್ತು ಹಾಕಿಸಿದೆ. ಮತ್ತೆ ಯಾರಿಗೂ ಮುಟ್ಟಲು ಬಿಡಲಿಲ್ಲ. ಮಂತ್ರಿಗಳು ಬಂದರು, ಹೋದರು, ಬೇರೆಯವರು ಬಂದರು. ಕಲ್ಲುಗಳು ಅಲ್ಲೇ ಇದ್ದವು. ನನ್ನ ಸಾಧನೆ ಅಂತ ಏನಾದರೂ ಇದ್ದರೆ ಅದೇ.

ಈ ವಸಂತದಲ್ಲಿ ಅಣ್ಣ ಮತ್ತೆ ಕೊಳಕ್ಕೆ ಮರಿ ಬಿಟ್ಟಿದ್ದಾನೆ ಅಂತ ಕೇಳಿದೆ. ಅವನಿಗೀಗ ಎಪ್ಪತ್ತೊಂದು, ಇವೂ ಹೋದರೆ ಇನ್ನೊಮ್ಮೆ ಶುರು ಮಾಡುವ ವಯಸ್ಸಲ್ಲ. ಇವತ್ತಿನ ಆಮಂತ್ರಣವನ್ನು ಅಂಚೆಯಲ್ಲಿ ಕಳಿಸಿದ್ದೆ. ಬೆಳಗ್ಗೆ ಫೋನ್ ಬಂತು. ಒಂಬತ್ತು ವರ್ಷದ ಮೇಲೆ ಮೊದಲ ಸಲ.

"ಮಧ್ಯಾಹ್ನ ಮಳೆಯಂತೆ. ಮರಿ ಬಿಟ್ಟು ಬರಕ್ಕಾಗಲ್ಲ" ಎಂದ. ಅವನ ಮನೆಯ ಕೋಳಿಗಳ ಸದ್ದು ಕೇಳುತ್ತಿತ್ತು. "ಮೇಲೆ ಕಲ್ಲು ಇದಾವಾ?"

"ಇದಾವೆ ಅಣ್ಣ" ಎಂದೆ.

"ಹಂಗಾದ್ರೆ ಸರಿ. ಕೆಲ್ಸ ಮುಗಿದ ಮೇಲೆ ಬಾ. ಕಾಫಿ ಇಡ್ತೀನಿ."

ಎಷ್ಟನೆಯ ಕಾಫಿ ಅಂತ ನಾನು ಕೇಳಲಿಲ್ಲ. ಕೇಳುವ ಧೈರ್ಯ ಇರಲಿಲ್ಲ.

ಬಾಕಿ ರಜೆ ಮುಗಿಸಿ ಅಂತ ಕಚೇರಿಯವರು ಹೇಳಿದ್ದಕ್ಕೆ ಮೂರು ದಿನದಿಂದ ನಾನು ಕಾಲುವೆ ಕಡೆ ಹೋಗಿರಲಿಲ್ಲ. ಇವತ್ತು ಕಾರಿನಿಂದ ಇಳಿದು ನೋಡುತ್ತೇನೆ, ನನ್ನ ಗೌರವಕ್ಕೆ ದಾರಿಯ ಎರಡೂ ಬದಿ ಕಲ್ಲು ಜೋಡಿಸಿದ್ದೀರಿ. ಬೆಳ್ಳಗೆ ಸುಣ್ಣ ಬಳಿದಿದ್ದೀರಿ. ಬಲಗಡೆಯ ಐದನೆಯದಕ್ಕೆ ಮನುಷ್ಯರ ಹಾಗೆ ಮೂಗಿದೆ, ಅದು ಎರಡನೇ ಕಟ್ಟೆಯದು. ನಲವತ್ತೆರಡೂ ಇವೆ, ಎಣಿಸಿದೆ. ಜಿಯಾದ್‌ನ ಕೈ ಹಿಡಿದು, ಈಗಲೇ ವಾಪಸ್ ಹಾಕಿಸು ಅಂತ ಹೇಳಿದೆ. ಕಾರ್ಯಕ್ರಮ ಮುಗೀಲಿ ಅಕ್ಕ, ನಾಳೆ ನೋಡೋಣ ಅಂದ. ಅಷ್ಟರಲ್ಲಿ ಯಾರೋ ಹಾರ ಹಾಕಿದರು, ಯಾರೋ ಮೆಟ್ಟಿಲು ಹತ್ತಿಸಿದರು. ಹಾರ ಹಾಕಿಸಿಕೊಂಡವಳು ಓಡುವುದು ಹೇಗೆ? ಇನ್ನೊಂದು ಸಲ ನಾನು ಬೇಡ ಅನ್ನಲಿಲ್ಲ, ನೋಡಿ.

ಕೇಳಿಸುತ್ತಿದೆಯಾ? ಇದು ಮೈಕಿನ ಸದ್ದಲ್ಲ. ಮೇಲಿನ ತಗಡಿನದು. ನಾನು ಮಾತು ಶುರು ಮಾಡಿದಾಗ ತುಂತುರಿತ್ತು. ಈ ಸದ್ದಿನ ಮಳೆಗೆ ಹೂಳುಕೊಳ ತುಂಬಲು ಎರಡು ಗಂಟೆ ಸಾಕು. ನನ್ನ ಜಾಗಕ್ಕೆ ಇನ್ನೂ ಯಾರನ್ನೂ ನೇಮಿಸಿಲ್ಲ. ಹೊರಗೆ ಲಾರಿ ನಿಂತಿದೆ. ಒಂದು ಕಲ್ಲಿಗೆ ಇಬ್ಬರು ಬೇಕು. ಊಟದ ಮೇಜು ಸಿದ್ಧವಾಗಿದೆ, ಕುರಿಮರಿ ಸುಟ್ಟ ವಾಸನೆ ನನಗೂ ಬರುತ್ತಿದೆ, ಅದೆಲ್ಲೂ ಓಡಿಹೋಗುವುದಿಲ್ಲ.

ಇಷ್ಟು ವರ್ಷ ಈ ಕೆಸರಿನವಳನ್ನು ಸಹಿಸಿಕೊಂಡದ್ದಕ್ಕೆ, ದೀಪಕ್ಕೆ, ಹಾರಕ್ಕೆ, ಎಲ್ಲರಿಗೂ ಕೃತಜ್ಞಳಾಗಿದ್ದೇನೆ. ಮಳೆ ಪುಸ್ತಕ ಈ ಮೇಜಿನ ಮೇಲಿಡುತ್ತಿದ್ದೇನೆ, ಆ ಪುಟ ಮಡಚಿದ್ದೇನೆ. ಹಾರ ತೆಗೆದು ಕುರ್ಚಿಗೆ ಹಾಕಿದ್ದೇನೆ. ನಮಸ್ಕಾರ. ನಾನು ಹೊರಟೆ. ಮೊದಲನೇ ಕಲ್ಲಿನ ಇನ್ನೊಂದು ತುದಿ ಹಿಡಿಯುವವರು ನಿಮ್ಮಲ್ಲಿ ಯಾರು?